ಬಣ್ಣಗಾರನಿಗೆ ಬಿಳಿ ಪೈಜಾಮ

ಗಜೇಂದ್ರಗಡದಲ್ಲಿ ಇಸ್ಮಾಯಿಲಸಾಬನ ಮನೆ ಹುಡುಕಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಯಾವ ಓಣಿಯ ಗಟಾರದಲ್ಲಿ ನೀರು ಕೆಂಪಗೆ ಹರಿಯುತ್ತದೋ ಆ ಓಣಿ ಹಿಡಿದು ಮೇಲಕ್ಕೆ ನಡೆದರೆ ಆಯಿತು, ಅವನ ಅಂಗಳ ಬಂತು. ಕೈಮಗ್ಗದವರ ನೂಲಿಗೆ ಬಣ್ಣ ಹಾಕಿ ಕೊಡುವುದು ಅವನ ಅಪ್ಪನ ಕಾಲದಿಂದ ಬಂದ ಕಸುಬು. ಹಳದಿ, ಹಸಿರು, ನೀಲಿ ಯಾರಾದರೂ ಹಾಕಿಯಾರು. ಮದುವೆ ಸೀರೆಯ ಕೆಂಪು ಮಾತ್ರ ಇಸ್ಮಾಯಿಲಸಾಬನದೇ ಆಗಬೇಕು. "ಸೀರಿ ಹರದ್ರೂ ನನ್ನ ಕೆಂಪು ಬಿಡೂದಿಲ್ಲ" ಎಂದು ಗಡ್ಡ ನೀವುವನು. ಆ ಮಾತು ಖರೇ ಇತ್ತು, ಅದಕ್ಕೇ ಅವನ ಜಂಬವನ್ನು ಊರು ಸಹಿಸಿಕೊಂಡಿತ್ತು.

ಅವನ ಹೆಂಡತಿ ಕಾಶೀಂಬಿ ನರಗುಂದದವಳು. ಸೊಸೆಯಾಗಿ ಬಂದ ದಿನ ಹೊಸಿಲ ಮುಂದೆ ಹರಿಯುತ್ತಿದ್ದ ಕೆಂಪು ನೀರು ಕಂಡು, ಇವರ ಮನೆಯಲ್ಲಿ ದಿನಾ ಕುರಿ ಕಡಿಯುತ್ತಾರೋ ಏನೋ ಎಂದು ಹೌಹಾರಿದ್ದಳಂತೆ. ಅಂದಿನಿಂದ ಇಂದಿನವರೆಗೆ ಅವಳ ಸಂಸಾರವೆಲ್ಲ ಬಣ್ಣದ ಜೊತೆಗಿನ ಜಗಳವೇ. ಆ ಮನೆಯಲ್ಲಿ ಬಿಳಿ ಅನ್ನುವ ಬಟ್ಟೆ ಇರಲಿಲ್ಲ. ಟವೆಲ್ಲಿನ ಮೇಲೆ ಬೆರಳು, ಹಾಸಿಗೆಯ ಮೇಲೆ ಅಂಗೈ, ನಮಾಜಿನ ಟೋಪಿಯ ಅಂಚಿಗೂ ಹೆಬ್ಬೆರಳಿನ ಗುರುತು. ಗಂಡ ಸೇದಿ ಎಸೆದ ಬೀಡಿಯ ತುಂಡು ಸಹ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ಬಣ್ಣದ ಪುಡಿ ಕಲಸಿದ ಕೈಯನ್ನು ಹಂಗೇ ಕುಂಡಿಗೆ ಒರೆಸಿಕೊಂಡು ಬೀಡಿ ಹಚ್ಚುವವನಿಗೆ ಏನು ಹೇಳೋಣ! ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಒಂದು ಪದ್ಧತಿ ಮಾತ್ರ ಆ ಮನೆಯಲ್ಲಿ ಯಾವತ್ತೂ ತಪ್ಪುತ್ತಿರಲಿಲ್ಲ. ಪ್ರತಿ ಸಲ ಹೊಂಡದಲ್ಲಿ ಅದ್ದಿ ಬಣ್ಣ ಹಾಕಿದ ನೂಲಿನಿಂದ ಒಂದೆಳೆ ತೆಗೆದು ಅಂಗಳದ ತಂತಿಗೆ ಕಟ್ಟಿ, ಮಟಮಟ ಮಧ್ಯಾಹ್ನದ ಬಿಸಿಲಿಗೆ ಹಿಡಿದು ನೋಡಬೇಕು. ನೆರಳಿನಲ್ಲಿ ನೋಡಿದ ಬಣ್ಣಕ್ಕೆ ನಂಬಿಕೆ ಇಲ್ಲ. ಬಿಸಿಲಿನಲ್ಲಿ ಒಪ್ಪಿದರಷ್ಟೇ ನೂಲಿನ ಲಡಿಗಳು ಮಗ್ಗದವರ ಮನೆಗೆ ಹೋಗುವುದು.

ಎರಡು ಸಾವಿರದ ಏಳನೇ ಇಸವಿಯ ಚಳಿಗಾಲ ಮುಗಿಯುವ ಹೊತ್ತು. ಒಂದು ಮುಂಜಾನೆ ಇಸ್ಮಾಯಿಲಸಾಬ ನಗುತ್ತ ಬಂದು ಹೆಂಡತಿಗೆ ಹೇಳಿದ:

"ಕಾಶೀಂ, ನಾ ಈಗ ಪಕ್ಕಾ ಬಣ್ಣಗಾರ ಆದೆ ನೋಡು. ಒಂದಕ್ಕ ಹೋದ್ರ ಕೆಂಪಗ ಬರಾಕತ್ತೈತಿ."

"ಅಯ್ಯ ನನ ಅಲ್ಲಾ! ನಗ್ತೀರಲ್ರಿ? ನೋವು ಐತೇನು?"

"ನೋವಿಲ್ಲ, ಗೀವಿಲ್ಲ. ನಮ್ಮ ಅಬ್ಬಾ ಹೇಳ್ತಿದ್ದ, ಬಣ್ಣಗಾರನ ಮೈಯಾಗ ಹೊಕ್ಕಿದ್ದು ಒಂದಿನ ಹೊರಗ ಬರೂದ ಅಂತ. ಬರಲಿ ಬಿಡು."

ಎರಡು ದಿನ ಬಂತು, ನಿಂತಿತು. ಮತ್ತೆ ವಾರ ಬಿಟ್ಟು ಬಂತು, ಮತ್ತೆ ನಿಂತಿತು. ನಿಂತಾಗೆಲ್ಲ ಅವನಿಗೆ ತನ್ನ ಮಾತೇ ಗೆದ್ದಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ಆದರೆ ಕಾಶೀಂಬಿಗೆ ಬೇರೊಂದು ನೆನಪಿತ್ತು. ಅದೇ ಮಾತು ಹೇಳುತ್ತಿದ್ದ ಮಾವ, ಬಣ್ಣ ಹೊರಗೆ ಹೋಗುತ್ತ ಹೋಗುತ್ತ ತಾನೇ ಒಣಗಿ ಹೋಗಿದ್ದ. ಕಡೆಯ ದಿನಗಳಲ್ಲಿ ಅವನ ಹಾಸಿಗೆ ಒಗೆದವಳು ಇವಳೇ. ಆ ಕಲೆಯ ಬಣ್ಣ ಅವಳು ಮರೆತಿರಲಿಲ್ಲ.

ಒಂದು ದಿನ ಗಂಡನ ಪೈಜಾಮ ಒಗೆಯಲು ತೆಗೆದಾಗ ಅದೇ ಕಲೆ ಕಂಡಿತು. ತಣ್ಣೀರಿನಲ್ಲಿ ಅದ್ದಿದಳು. ಅರ್ಧ ಕಲೆ ನೀರಿಗೆ ಬಿಟ್ಟಿತು, ಉಳಿದ ಅರ್ಧ ಕಂದಿ ತುಕ್ಕಿನ ಬಣ್ಣಕ್ಕೆ ಬಂತು. ಬಾಯಿ ಮಾಡಿ ಪ್ರಯೋಜನ ಇಲ್ಲ, ಈ ಹಠಮಾರಿಗೆ ಮಾತು ನಾಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಪೈಜಾಮವನ್ನು ತಂತಿಯ ಮೇಲೆ, ಅಂದಿನ ಕೆಂಪು ಎಳೆಯ ಪಕ್ಕದಲ್ಲೇ ಹರವಿದಳು. ಮಧ್ಯಾಹ್ನ ಅವನು ಎಳೆ ನೋಡಲು ಬಂದಾಗ ಹೇಳಿದಳು:

"ನಿಮ್ಮ ಕೆಂಪು ಬಿಡಾಕತ್ತೈತಿ ನೋಡ್ರಿ."

"ಏನಂದಿ?" ಅವನ ಮುಖ ಕಪ್ಪಿಟ್ಟಿತು. "ನನ್ನ ಕೆಂಪು? ಯಾರ ಮುಂದ ಹೇಳ್ತಿ ಈ ಮಾತು?"

"ಕಣ್ಣಿಲ್ಲೇನು? ತಣ್ಣೀರಿಗೆ ಬಿಟ್ಟೈತಿ. ಬಿಸಲಿಗೆ ಕಂದೈತಿ. ಇದು ನಿಮ್ಮ ಮೈಯಾಗಿಂದ ಬಂದ ಬಣ್ಣ ಅಲ್ಲೇನು?"

ಇಸ್ಮಾಯಿಲಸಾಬ ಪೈಜಾಮ ಹಿಡಿದ. ಎಳೆ ಹಿಡಿದ. ಎರಡನ್ನೂ ಬಿಸಿಲಿಗೆ ಎತ್ತಿ ನೋಡಿದ. ಉಗುರಿನಿಂದ ಕೆರೆದು ನೋಡಿದ.

"ಇದು ನನ್ನ ಕೆಂಪು ಅಲ್ಲ" ಎಂದ. ಬಣ್ಣವಲ್ಲವಾದರೆ ಇನ್ನೇನು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನ ಮುಂಜಾನೆಯ ಬಸ್ಸಿಗೇ ಇಬ್ಬರೂ ರೋಣಕ್ಕೆ ಹೊರಟರು.

ರೋಣದಲ್ಲಿ ಅನಿತಾ ಎಂಬ ಡಾಕ್ಟರಬಾಯಿಯ ದವಾಖಾನಿ ಇತ್ತು. ಸವಡಿಯ ದ್ಯಾವಪ್ಪನ ಮಗಳು. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ ಹುಡುಗಿ, ಈಗ ಸುತ್ತಿನ ಹಳ್ಳಿಗಳಿಗೆಲ್ಲ ಅವಳೇ ಗತಿ. ಅವಳು ಎಲ್ಲ ಕೇಳಿಸಿಕೊಂಡು, ಬೀಡಿ ಎಷ್ಟು, ಬಣ್ಣದ ಪುಡಿ ಬರಿಗೈಲಿ ಕಲಸುತ್ತೀರೇನು ಎಂದು ಮತ್ತೆ ಮತ್ತೆ ಕೇಳಿದಳು. ರಕ್ತ ತೆಗೆಸಿದಳು. ಆಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನಿಗೆ ಚೀಟಿ ಕೊಟ್ಟಳು.

ಹುಬ್ಬಳ್ಳಿಯಲ್ಲಿ ನಳಿಗೆಯ ತುದಿಗೆ ದೀಪ ಕಟ್ಟಿ ಮೂತ್ರಚೀಲದ ಒಳಗೆ ಇಳಿಸಿ ನೋಡಿದರು. ಒಳಗೋಡೆಯ ಮೇಲೆ ಹೂಕೋಸಿನಂಥ ಗಂಟು. ಅದನ್ನು ಕೆರೆದು ತೆಗೆದು, ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದರು. ಗೋಡೆಯ ಸ್ನಾಯುವಿನವರೆಗೆ ಬೇರು ಇಳಿದಿಲ್ಲ, ಅದು ಪುಣ್ಯ. ಆದರೆ ಜಾತಿ ಕೆಟ್ಟದ್ದು, ತಿರುಗಿ ಬರುವ ಪೈಕಿ. ಗಾಯ ಮಾಯ್ದ ಮೇಲೆ ವಾರಕ್ಕೊಮ್ಮೆಯಂತೆ ಆರು ಸಲ ಚೀಲದೊಳಗೆ ಔಷಧಿ ಬಿಡಬೇಕು. ಅದಕ್ಕೆ ಮಣಿದರೆ ಸರಿ. ಮಣಿಯದೆ ಬೇರು ಬಿಟ್ಟರೆ ಚೀಲವನ್ನೇ ತೆಗೆದು, ಹೊಟ್ಟೆಯ ಮೇಲೆ ಹೊರಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಕಟ್ಟಬೇಕಾಗುತ್ತದೆ.

ಕ್ಯಾನ್ಸರ್ ಎಂಬ ಮಾತಿಗೆ ಇಸ್ಮಾಯಿಲಸಾಬ ಹೆದರಲಿಲ್ಲ. ಆ ಹೊರಗಿನ ಚೀಲದ ಮಾತಿಗೆ ಕುಸಿದು ಕುಂತ.

"ಇಪ್ಪತ್ನಾಕ ತಾಸು ಮೈಮ್ಯಾಲ ನಾಪಾಕ ಹೊಲಸು ಕಟಗೊಂಡು ನಾ ಮಸೂತಿಗೆ ಹ್ಯಾಂಗ ಹೋಗ್ಲಿ, ಕಾಶೀಂ? ನಮಾಜಿನ ಸಾಲಿನಾಗ ಹ್ಯಾಂಗ ನಿಂದ್ರಲಿ?"

ಊರಿಗೆ ಬಂದ ಮೇಲೆ ಮಸೂತಿಯ ಹಜರತರೇ ಮನೆಗೆ ಬಂದು, ರೋಗಿಗೆ ರಿಯಾಯಿತಿ ಉಂಟು, ಪ್ರತಿ ನಮಾಜಿಗೆ ಹೊಸದಾಗಿ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡರೆ ಸಾಕು, ದೇವರು ನಿನಗಿಂತ ದೊಡ್ಡವನು ಎಂದು ತಿಳಿಸಿ ಹೇಳಿದರು. ಇವನು ಗೋಣು ಹಾಕಿದ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಕಾಶೀಂಬಿಗೆ ಆ ಚೀಲ ಬಂದರೂ ಇವನು ಉಳಿದರೆ ಸಾಕಾಗಿತ್ತು. ಆದರೆ ಚೀಲ ಬಂದ ಮೇಲೆ ಉಳಿಯುವವನು ಇದೇ ಇಸ್ಮಾಯಿಲಸಾಬ ಆಗಿರುತ್ತಾನೋ ಇಲ್ಲವೋ ಎಂಬ ಹೆದರಿಕೆ ಅವಳಿಗೂ ಇತ್ತು.

ಅಂದೇ ಅವಳು ಒಂದು ಕೆಲಸ ಮಾಡಿದಳು. ಪೇಟೆಗೆ ಹೋಗಿ ಬಿಳಿ ಲಾಂಗ್‌ಕ್ಲಾಥ್ ಹರಿಸಿ ತಂದು ಮೂರು ಪೈಜಾಮ ಹೊಲಿಸಿದಳು. ಇನ್ನು ಮೇಲೆ ಒಂದು ಹನಿ ಬಿದ್ದರೂ ಕಣ್ಣು ತಪ್ಪಿಸಿಕೊಳ್ಳಬಾರದು! ಬಣ್ಣಗಾರ ಬಿಳಿ ಉಟ್ಟು ಅಂಗಳಕ್ಕೆ ಬಂದದ್ದನ್ನು ಕಂಡು ಅದೇ ಕಸುಬಿನಲ್ಲಿ ಜೊತೆಗಿದ್ದ ಅವನ ತಮ್ಮ ಗೌಸುಸಾಬ ಬಿದ್ದು ಬಿದ್ದು ನಕ್ಕ. "ಯಾಕ ಭಾಯಿ, ನಮಗ ಹೇಳದ ಹಜ್ಜಿಗೆ ಹೋಗಿ ಬಂದ್ಯಾ?" ಬಣ್ಣದ ಹೊಂಡದಿಂದ ಹತ್ತು ಮಾರು ದೂರ ನಿಲ್ಲಬೇಕೆಂದು ಕಾಶೀಂಬಿ ಗೆರೆ ಎಳೆದಳು. ಪುಡಿ ಮುಟ್ಟುವುದು ಬಂದ್. ಬೀಡಿ ಬಂದ್. ಗೌಸುಸಾಬನಿಗೂ ರಬ್ಬರಿನ ಕೈಗವಸು, ಮೂಗಿಗೆ ಬಟ್ಟೆ ಬಂತು, ಅವನ ನಗುವೂ ಬಂದ್ ಆಯಿತು.

ಈಗ ಬರುತ್ತದೆ ನಿಜವಾದ ಘಾತ. ಗಾಯ ಮಾಯುವ ಹೊತ್ತಿನಲ್ಲಿ ರೋಣಕ್ಕೆ ತೋರಿಸಲು ಹೋದಾಗ ಅನಿತಾ ರಕ್ತದ ವರದಿ ನೋಡಿ, ಕೊಲೆಸ್ಟ್ರಾಲ್ ಜಾಸ್ತಿ ಐತಿ, ಹೃದಯಕ್ಕೆ ಒಳ್ಳೆಯದಲ್ಲ ಎಂದು ಒಂದು ಗುಳಿಗೆ ಬರೆದಳು. ಮಾತಿನ ಭರದಲ್ಲಿ ಇನ್ನೂ ಒಂದು ಮಾತು ಅಂದಳು.

"ಮೈಯಾಗಿನ ಒಂದೊಂದು ಜೀವಕೋಶಕ್ಕೂ ಒಂದು ಗ್ವಾಡಿ ಇರ್ತೈತಿ ಚಾಚಾ. ಆ ಗ್ವಾಡಿ ಕಟ್ಟಾಕ ಕೊಲೆಸ್ಟ್ರಾಲ್ ಬೇಕು. ಕ್ಯಾನ್ಸರಿನ ಕೋಶ ಲಗೂ ಲಗೂ ಮರಿ ಹಾಕೂದು, ಅದಕ್ಕ ಗ್ವಾಡಿ ಭಾಳ ಬೇಕು, ಹಂಗಾಗಿ ಕೊಬ್ಬು ಕಂಡಲ್ಲಿ ಬಾಚಿಕೋತೈತಿ ಅಂತ ಈಗ ಸಂಶೋಧನಾ ಮಾಡೋರು ಬರಿಯಾಕತ್ತಾರ."

ಅಷ್ಟು ಕೇಳಿದ್ದೇ ಸಾಕಾಯಿತು ನಮ್ಮ ಬಣ್ಣಗಾರನಿಗೆ. ಹಸಿ ನೂಲಿಗೆ ಹುಟ್ಟಾ ಒಂದು ಜಿಡ್ಡು ಇರುತ್ತದೆ. ಅದನ್ನು ಸೋಡಾ ನೀರಿನಲ್ಲಿ ಕುದಿಸಿ ತೆಗೆಯದೆ ಹೊಂಡಕ್ಕೆ ಇಳಿಸಿದರೆ ಬಣ್ಣ ಹತ್ತುವುದಿಲ್ಲ. ಇದು ಅವನ ಕಸುಬಿನ ಮೊದಲ ಪಾಠ. ತನ್ನ ಮೈಯೂ ಜಿಡ್ಡಿನ ನೂಲು, ಜಿಡ್ಡು ತೆಗೆಯದೆ ಔಷಧಿ ಹತ್ತುವುದು ಹೇಗೆ ಎಂದು ಅವನು ತಾನೇ ತೀರ್ಪು ಕೊಟ್ಟುಕೊಂಡ. ಮರುದಿನದಿಂದ ಎಣ್ಣೆ ಬಿಟ್ಟ. ತುಪ್ಪ, ಹಾಲು, ಮೊಸರು, ತತ್ತಿ, ಮಾಂಸ, ಶೇಂಗಾ ಚಟ್ನಿ ಎಲ್ಲ ಬಿಟ್ಟ. ಒಣ ರೊಟ್ಟಿ, ಉಪ್ಪು ಹಾಕಿ ಕುದಿಸಿದ ಸೊಪ್ಪು. ಹೊತ್ತಿಗೊಮ್ಮೆ ಬಿಸಿನೀರಿಗೆ ತಿನ್ನುವ ಸೋಡಾ ಹಾಕಿಕೊಂಡು ಕುಡಿಯುವುದು ಬೇರೆ.

"ಡಾಕ್ಟರಬಾಯಾರ ಹೇಳ್ಯಾರ" ಎಂದ ಹೆಂಡತಿಗೆ. ಬಾಯಾರು ಹೇಳಿದ್ದನ್ನು ಕಾಶೀಂಬಿಯೂ ಕೇಳಿದ್ದಳಲ್ಲ! ನಂಬಿದಳು. ತುಪ್ಪದ ಡಬ್ಬಿಯನ್ನು ತಾನೇ ಗೌಸುಸಾಬನ ಮನೆಗೆ ಸಾಗಿಸಿದಳು. ಗಂಡ ಇಷ್ಟಾದರೂ ಮಾತು ಕೇಳುತ್ತಾನಲ್ಲ ಎಂದು ಒಳಗೊಳಗೇ ಸಮಾಧಾನ ಬೇರೆ. ಅವನ ಕೆನ್ನೆ ಒಳಗೆ ಹೋಯಿತು. ಪೈಜಾಮದ ಲಾಡಿ ಬಿಗಿದಷ್ಟೂ ಸಡಿಲಾಯಿತು. ಜಿಡ್ಡು ಹೋಗುತ್ತಿದೆ ಎಂದು ಅವನು ಖುಷಿಪಟ್ಟ.

ಮೊದಲ ಔಷಧಿಗೆ ಹುಬ್ಬಳ್ಳಿಗೆ ಹೊರಟ ದಿನ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಬದಲಾಯಿಸಲು ಇಳಿದವನು ಎರಡು ಹೆಜ್ಜೆ ಇಟ್ಟು ಹತ್ತಿಯ ಅಂಡಿಗೆಯ ಹಾಗೆ ಕುಸಿದು ಬಿದ್ದ. ಹಮಾಲರು ಹೊತ್ತು ಅನಿತಾಳ ದವಾಖಾನಿಗೆ ತಂದು ಹಾಕಿದರು. ಸಲೈನ್ ಹಚ್ಚಿ, ರಕ್ತ ನೋಡಿ, ಹುಬ್ಬಳ್ಳಿಗೆ ಫೋನ್ ಮಾಡಿ ಬಂದ ಅನಿತಾಳ ಮುಖ ಸಣ್ಣದಾಗಿತ್ತು. ಮೈಯಲ್ಲಿ ತ್ರಾಣವೇ ಇಲ್ಲ, ಈ ಸ್ಥಿತಿಯಲ್ಲಿ ಔಷಧಿ ಬಿಡುವುದಿಲ್ಲ, ಚೇತರಿಸಿಕೊಂಡು ಬರಲಿ ಎಂದಿದ್ದರು ಅಲ್ಲಿನವರು.

"ತಡಾ ಆದ್ರ ಅದು ಬೇರು ಬಿಟ್ಟರ?" ಕಾಶೀಂಬಿ ಕೇಳಿದಳು.

"ಅದ ನನಗೂ ಹೆದರಿಕಿ, ಚಾಚಿ."

ಕಾಶೀಂಬಿಯ ಸಿಟ್ಟು ನೆತ್ತಿಗೇರಿತು. "ನೀವ ಹೇಳಿದ್ದಲ್ಲೇನ್ರಿ ಬಾಯಾರ? ಕೊಬ್ಬು ತಿಂದು ಅದು ಬೆಳಿತೈತಿ ಅಂತ? ನೀವು ಹೇಳಿದ್ದಕ್ಕ ನಾ ನನ್ನ ಗಂಡನ್ನ ಉಪವಾಸ ಕೆಡವಿನ್ರಿ! ಕೈಯಾರೆ ಕೆಡವಿನಿ!" ಅಂದವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದಾಗಲೂ ಅತ್ತಿರಲಿಲ್ಲ ಅವಳು.

ಅನಿತಾ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕುಂತಳು. "ಅರ್ಧಾ ಹೇಳಿ ಬಿಟ್ಟೆ ನಾನು. ಈಗ ಪೂರಾ ಕೇಳ್ರಿ. ಚಾಚಾ, ನೀವೂ ಕೇಳ್ರಿ. ಹಗೇವು ನೋಡೀರಿಲ್ಲೋ?"

ಆ ಸೀಮೆಯಲ್ಲಿ ಹಗೇವು ನೋಡದವರು ಯಾರು? ನೆಲದೊಳಗೆ ಹುಗಿದ ಜೋಳದ ಗುಂಡಿ. ಬಾಯಿ ಮುಚ್ಚಿದರೆ ಮೇಲೆ ಅಂಗಳ, ಕೆಳಗೆ ವರ್ಷದ ಕಾಳು.

"ಊರಾಗ ಒಬ್ಬ ಆಸೆಬುರುಕ ಅದಾನ ಅನ್ರಿ. ಸಂತ್ಯಾಗ ಬಂದ ಕಾಳೆಲ್ಲ ತಾನ ಹೊಡ್ಕೊಂಡ. ತನ್ನ ಹೊಲದಾಗೂ ಬೆಳದ. ಹೆಚ್ಚಿಗಿ ಆಗಿದ್ದು ಯಾರಿಗೂ ಬಿಡದಂಗ ಹಗೇವು ತುಂಬಿದ. ಅವನ ಸೊಕ್ಕು ಮುರಿಯಾಕ ನೀವು ಸಂತಿನ ಬಂದ್ ಮಾಡಿದ್ರಿ. ಯಾರು ಉಪವಾಸ ಬಿದ್ರು?"

ಇಸ್ಮಾಯಿಲಸಾಬ ಮಲಗಿದಲ್ಲಿಂದ ಸಣ್ಣ ದನಿಯಲ್ಲಿ ಹೇಳಿದ, "ಬಡವರು."

"ಹೌದಲ್ಲೋ? ಕ್ಯಾನ್ಸರಿನ ಕೋಶ ಅಂಥಾ ಆಸೆಬುರುಕ. ನೀವು ತಿಂದಿದ್ದರಾಗ ಅಷ್ಟ ಅಲ್ಲ, ತನ್ನ ಒಳಗ ತಾನ ಕೊಲೆಸ್ಟ್ರಾಲ್ ಮಾಡಿಕೋತೈತಿ. ಹೆಚ್ಚಾಗಿದ್ದನ್ನ ಒಳ್ಳೆ ಕೋಶ ಹೊರಗ ಕಳಸ್ತೈತಿ, ಇದು ಕೂಡಿಟ್ಟುಕೋತೈತಿ. ನೀವು ಉಪವಾಸ ಕುಂತ್ರ ಮೊದಲ ಸಾಯೋರು ನಿಮ್ಮ ಒಳ್ಳೆ ಕೋಶ. ಹುಬ್ಬಳ್ಳ್ಯಾಗ ಬಿಡೋ ಔಷಧಿ ಐತೆಲ್ಲ, ಕೂಸಿನ ತೋಳಿಗೆ ಹಾಕೋ ಕ್ಷಯದ ಲಸಿಕಿ ಅದು. ಅದು ಹೋಗಿ ನಿಮ್ಮ ಮೈಕಾವಲಿನವರನ್ನ ಎಬ್ಬಸ್ತೈತಿ. ಬಡಿದಾಡೋರು ಅವರು. ಅವರ ಹೊಟ್ಯಾಗ ರೊಟ್ಟಿ ಇರದಿದ್ರ ಬಡಿಗಿ ಹ್ಯಾಂಗ ಎತ್ತಬೇಕು?"

ಇಸ್ಮಾಯಿಲಸಾಬ ಕೇಳಿದ, "ಅಂದ್ರ ಸೋಡಾ?"

"ಸೋಡಾ ನೂಲಿಗೆ ಹಾಕ್ರಿ ಚಾಚಾ, ಹೊಟ್ಟಿಗೆ ಬ್ಯಾಡ."

ಕಾಶೀಂಬಿ ಅಳುತ್ತಲೇ ನಕ್ಕುಬಿಟ್ಟಳು. ಹೊರಡುವಾಗ ಆ ಗುಳಿಗೆಯ ಮಾತು ಕೇಳಿದಳು. ಕೊಲೆಸ್ಟ್ರಾಲಿನ ಗುಳಿಗೆ ಕ್ಯಾನ್ಸರನ್ನೂ ತಗ್ಗಿಸುತ್ತದೆಯೇ? ಅನಿತಾ ಸುಳ್ಳು ಹೇಳಲಿಲ್ಲ. ಒಳ್ಳೆಯದಾದೀತು ಅನ್ನುವವರು ಇದ್ದಾರೆ, ಹುಬ್ಬಳ್ಳಿಯ ಔಷಧಿಗೆ ಅಡ್ಡ ಬಂದೀತು ಅನ್ನುವವರೂ ಇದ್ದಾರೆ, ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ. ಇದು ಹೃದಯಕ್ಕೆ ಮಾತ್ರ, ನುಂಗಬೇಕೋ ನಿಲ್ಲಿಸಬೇಕೋ ಹುಬ್ಬಳ್ಳಿಯವರನ್ನು ಕೇಳಿ ಹೇಳುತ್ತೇನೆ ಎಂದಳು. ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ಕಾಶೀಂಬಿ ಅಂದೇ ಮೊದಲು ನೋಡಿದ್ದು. ಆ ಮಾತಿಗೇ ಅವಳಿಗೆ ಈಕೆಯ ಮೇಲೆ ಹೋದ ನಂಬಿಕೆ ತಿರುಗಿ ಬಂತು.

ಆಮೇಲಿನ ದಿನಗಳಲ್ಲಿ ಕಾಶೀಂಬಿಯ ಒಲೆ ಆರಲಿಲ್ಲ ಎಂದರೆ ಉತ್ಪ್ರೇಕ್ಷೆ ಅಲ್ಲ. ತುಪ್ಪ ಸುರಿಯಲಿಲ್ಲ, ಅದಕ್ಕೂ ಅನಿತಾ ಗದರಿಸಿದ್ದಳು. ಬಿಸಿ ರೊಟ್ಟಿ, ಮೊಳಕೆ ಹೆಸರಿನ ಪಲ್ಯ, ಬೇಳೆ, ಮೊಸರು, ಶೇಂಗಾ ಚಟ್ನಿ, ನಡುವೆ ಒಂದು ತತ್ತಿ, ಜುಮ್ಮಾ ದಿನ ಎರಡು ತುಂಡು ಕೋಳಿ. ಅವನು ತಾಟು ಸರಿಸಿದರೆ, "ಕಾವಲಿನವರು ಹಸದಾರ, ಉಣ್ರಿ" ಅನ್ನುವಳು. ಅವನು ಉಣ್ಣುವನು. ಕೆನ್ನೆ ತುಂಬಿತು. ಲಾಡಿ ಮತ್ತೆ ಬಿಗಿಯಾಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಹುಬ್ಬಳ್ಳಿಯವರು ಹೂಂ ಎಂದರು. ಔಷಧಿ ಬಿಟ್ಟ ಮೇಲೆ ಎರಡು ತಾಸು ಅದನ್ನು ಒಳಗೇ ಹಿಡಿದಿಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತಿಗೊಮ್ಮೆ ನರ್ಸ್ ಬಂದು, "ಎಡಕ್ಕ ಹೊಳ್ಳ್ರಿ, ಬಲಕ್ಕ ಹೊಳ್ಳ್ರಿ, ಈಗ ಬೋರಲ ಮಲಕೋರಿ" ಅನ್ನುವಳು. ಗೋಡೆಗೆಲ್ಲ ಸಮನಾಗಿ ತಾಗಲಿ ಎಂದು. ಮೊದಲ ದಿನವೇ ಇಸ್ಮಾಯಿಲಸಾಬನಿಗೆ ಗುರುತು ಹತ್ತಿತು. ಹೊಂಡದಲ್ಲಿ ಲಡಿ ತಿರುವುವುದೂ ಹೀಗೇ ಅಲ್ಲವೇ! ತಿರುವದೆ ಬಿಟ್ಟರೆ ಒಂದು ಕಡೆ ಕೆಂಪು, ಒಂದು ಕಡೆ ಪಟ್ಟೆ.

"ಜನ್ಮಾನ ನೂಲು ತಿರುವಿದೆ ಕಾಶೀಂ" ಎಂದ ಉರಿ ತಾಳುತ್ತ, "ಈಗ ನಾನ ಲಡಿ ಆಗೀನಿ."

"ಬಾಯಿ ಮುಚಗೊಂಡು ಹೊಳ್ಳ್ರಿ" ಎಂದಳು ಅವಳು. ಬೆನ್ನು ತಾನೇ ಹಿಡಿದು ಹೊಳ್ಳಿಸಿದಳು. ಉರಿ ಬಂತು, ಚಳಿಜ್ವರ ಬಂತು, ಅದು ಕಾವಲಿನವರು ಎದ್ದ ಗುರುತು ಎಂದರು. ವಾರ ವಾರ ಬಸ್ಸು, ಹುಬ್ಬಳ್ಳಿ, ಮತ್ತೆ ಬಸ್ಸು. ದಿನಾ ಮಧ್ಯಾಹ್ನ ಕಾಶೀಂಬಿ ತಂತಿಯ ಮೇಲಿನ ಬಿಳಿ ಪೈಜಾಮವನ್ನು ಬಿಸಿಲಿಗೆ ಹಿಡಿದು ಎಳೆ ಎಳೆ ನೋಡುವಳು. ಔಷಧಿಯ ಮರುದಿನಗಳಲ್ಲಿ ಒಂದೊಂದು ತಿಳಿಗುಲಾಬಿ ಕಲೆ ಕಾಣುತ್ತಿತ್ತು. ಆರೂ ಮುಗಿದು ಸ್ವಲ್ಪ ದಿನಕ್ಕೆ ಅದೂ ನಿಂತಿತು.

ಮೂರು ತಿಂಗಳಿಗೆ ಮತ್ತೆ ನಳಿಗೆ ಇಳಿಸಿ ನೋಡಿದರು. ಹೊರಗೆ ತಸಬಿಯ ಮಣಿ ಎಣಿಸುತ್ತ ಕುಂತವಳನ್ನು ಡಾಕ್ಟರು ಒಳಗೇ ಕರೆದು ಟಿವಿ ಪರದೆ ತೋರಿಸಿದರು. ಬೆಳ್ಳಗೆ, ತುಸು ಗುಲಾಬಿ ಛಾಯೆಯ ನುಣುಪು ಗೋಡೆ. ಕಾಶೀಂಬಿ ಬಟ್ಟೆಯಲ್ಲಿ ಕಲೆ ಹುಡುಕುವವಳ ಹಾಗೆ ಮೂಲೆ ಮೂಲೆ ಹುಡುಕಿದಳು. ಏನೂ ಇರಲಿಲ್ಲ. ಇದು ಮುಗಿಯಿತು ಅಂತಲ್ಲ, ನಡುನಡುವೆ ಔಷಧಿ ಬಿಡಿಸಿಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ವರ್ಷಗಟ್ಟಲೆ ನೋಡುತ್ತಿರಬೇಕು ಎಂದರು ಅವರು. ಆದರೆ ಈಗ ಚೀಲ ತೆಗೆಯುವ ಮಾತಿಲ್ಲ.

"ನೋಡ್ತೀವ್ರಿ" ಎಂದಳು ಕಾಶೀಂಬಿ. "ನಮಗ ನೋಡೂದು ರೂಢಿ ಐತ್ರಿ."

ಬಕ್ರೀದ್ ಬಂತು. ಮುಂಜಾನೆ ಇಸ್ಮಾಯಿಲಸಾಬ ಮಿಂದು, ಅತ್ತರು ಹಚ್ಚಿಕೊಂಡು, ತೊಳೆದಿಟ್ಟ ಬಿಳಿ ಪೈಜಾಮ ಉಟ್ಟ. ಒಂದು ಕಾಲಕ್ಕೆ ನಾಚಿಕೆಪಟ್ಟ ಪೈಜಾಮವನ್ನು ಈಗ ತಾನೇ ಕೇಳಿ ಇಸ್ತ್ರಿ ಮಾಡಿಸಿಕೊಂಡಿದ್ದ. ಗೌಸುಸಾಬನ ಹೆಗಲ ಮೇಲೆ ಕೈ ಹಾಕಿ ಈದಗಾದ ಕಡೆ ನಡೆದ. ಅವನು ಓಣಿ ತಿರುಗುವವರೆಗೆ ಕಾಶೀಂಬಿ ಬಾಗಿಲಲ್ಲೇ ನಿಂತಿದ್ದಳು.

ಹೊತ್ತೇರಿದ ಮೇಲೆ ಬಂದ. ಬಂದವನೇ ಬಟ್ಟೆ ಬದಲಿಸಿ ಶಾವಿಗೆಯ ಸುರಕುಂಬಾದ ಬಟ್ಟಲಿಗೆ ಕೈ ಹಾಕಿದ. ಕಾಶೀಂಬಿ ರೂಢಿಯಂತೆ ಪೈಜಾಮ ತೆಗೆದುಕೊಂಡು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದಳು. ಕೆಂಪು!

ಮತ್ತೆ ಕಣ್ಣು ಒರೆಸಿಕೊಂಡು ನೋಡಿದಳು. ಕೆಂಪು ಇದ್ದದ್ದು ಎರಡೂ ಮೊಣಕಾಲಿನ ಹತ್ತಿರ. ಬೆರಳಿನಿಂದ ಮುಟ್ಟಿದರೆ ಪುಡಿ ಪುಡಿಯಾಗಿ ಉದುರಿತು.

"ಜಾಗಾ ಸಾಲಲಿಲ್ಲ ಕಾಶೀಂ" ಒಳಗಿನಿಂದ ಅವನು ಕೂಗಿ ಹೇಳುತ್ತಿದ್ದ. "ಏನ್ ಮಂದಿ, ಏನ್ ಮಂದಿ! ಚಾಪಿ ಮುಗದಿದ್ವು. ಗುಡ್ಡದ ಕೆಂಪು ಮಣ್ಣಿನ ಮ್ಯಾಲ ಮೊಣಕಾಲೂರಿ ಸಜದಾ ಮಾಡಿದೆ. ಎಲ್ಲಾರ ಜೋಡಿ ಸಾಲಿನಾಗ ನಿಂತಿದ್ದೆ. ಪೈಜಾಮ ಹೊಲಸಾತು, ಬಯ್ಯಬ್ಯಾಡ ಮತ್ತ."

ಕಾಶೀಂಬಿ ಬಯ್ಯಲಿಲ್ಲ. ಮೊಣಕಾಲಿನ ಆ ಎರಡು ಮಣ್ಣಿನ ಗುರುತುಗಳ ಮೇಲೆ ಅಂಗೈ ಇಟ್ಟುಕೊಂಡು ಬಿಸಿಲಿನಲ್ಲೇ ನಿಂತಳು. ಆಮೇಲೆ ಪೈಜಾಮ ಮಡಚಿ ಒಳಗೆ ತಂದು ತನ್ನ ಪೆಟ್ಟಿಗೆಯಲ್ಲಿ ಇಟ್ಟಳು. ಅದೊಂದನ್ನು ಅವಳು ಒಗೆಯಲಿಲ್ಲ.